ಡಿಜಿಟಲ್ ರೂಲ್‌ಬುಕ್‌ಗೆ ಪಟ್ಟಿ ಎತ್ತುವ ಮುಂಚೆ ಇದನ್ನೊಮ್ಮೆ ಓದ್ರಿ

ಗೆಳೆಯರೆಲ್ಲ ಪಟ್ಟಿ ಹಾಕಿ ವಿದೇಶಿ ಸೈಟಿನಿಂದ ರೋಲ್‌ಪ್ಲೇಯಿಂಗ್ ಆಟದ ಡಿಜಿಟಲ್ ರೂಲ್‌ಬುಕ್ ತಗೊಳ್ಳುವ ವಿಚಾರದಲ್ಲಿದ್ದೀರಾ? ಕಾರ್ಡ್ ನಂಬರ್ ಒತ್ತುವ ಮೊದಲು ನಮ್ಮ ಗುಂಪಿಗೆ ಆದದ್ದನ್ನು ಕೇಳಿ. ನಾಲ್ಕು ಸಾವಿರದ ಮೇಲೆ ಹೋಯಿತು. ಕೈಯಲ್ಲಿ ಒಂದು ಪುಟವೂ ಉಳಿದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಬೀಸಿದ ಕತ್ತಿ ತಾಗಿತೋ ಇಲ್ಲವೋ ಅಂತ ದಾಳ ಹಾಕಿ ನೋಡುವುದು. ದಾಳದ ಮೇಲೆ ಬಿದ್ದ ಅಂಕಿಗೆ ಏನರ್ಥ ಅನ್ನುವುದು ರೂಲ್‌ಬುಕ್‌ನಲ್ಲಿರುತ್ತದೆ. ಮುನ್ನೂರು ಪುಟದ ಆ ಪುಸ್ತಕ ಆಟ ಮುಗಿಯುವ ತನಕ ಕೈಯಿಂದ ಕೈಗೆ ಓಡಾಡುತ್ತಿರಬೇಕು. ಕಾದಂಬರಿಯಾದರೆ ಒಬ್ಬರು ಓದಿಕೊಂಡರೆ ಆಯಿತು, ಇದನ್ನು ಐದು ಜನ ಒಂದೇ ಹೊತ್ತಿಗೆ ತೆರೆಯಬೇಕಾಗುತ್ತದೆ. ಬೆಲೆಯ ಲೆಕ್ಕವನ್ನೂ ಹಾಗೇ ಹಾಕಬೇಕು ಅನ್ನುವುದು ನನ್ನ ವಾದ.

ನಮ್ಮದು ಹುಬ್ಬಳ್ಳಿ ವಿದ್ಯಾನಗರದ ಒಂದು ಬಾಡಿಗೆ ರೂಮಿನಲ್ಲಿ ಭಾನುವಾರ ಸೇರುವ ಗುಂಪು. ಇಬ್ಬರು ಧಾರವಾಡದ ಸಪ್ತಾಪುರದಿಂದ ಚಿಗರಿ ಬಸ್ಸಿನಲ್ಲಿ ಬರುತ್ತಾರೆ. ಪುಕ್ಕಟೆ ಸಿಗುವ ನಿಯಮಗಳಲ್ಲೇ ಆಡುತ್ತಿದ್ದೆವು. ಅಷ್ಟರಲ್ಲಿ ಒಂದು ಹೊಸ ಆಟ ಎಲ್ಲರ ಕಣ್ಣಿಗೆ ಬಿತ್ತು. ಅದು ಜಗತ್ಪ್ರಸಿದ್ಧ ಆಟವೇನಲ್ಲ, ಮಾರಿದವರು ಸಣ್ಣವರು, ಹೆಸರು ಇಲ್ಲಿ ಬೇಡ. ಮುದ್ರಿತ ಪ್ರತಿ ತರಿಸೋಣವೆಂದರೆ ಪುಸ್ತಕದ ಬೆಲೆಗಿಂತ ಸಾಗಣೆಯೇ ಭಾರ. ಆಮದು ಪುಸ್ತಕಗಳ ಮೇಲೆ 2019ರ ಬಜೆಟ್ ಹೇರಿದ ಶೇ. 5ರ ಸುಂಕ ಬೇರೆ. ಹಾಗಾಗಿ ಡಿಜಿಟಲ್ ಸಾಕು ಅಂತ ತೀರ್ಮಾನವಾಯಿತು.

ಪುಟದ ಮೇಲೆ ಕಂಡ ಬೆಲೆ 40 ಡಾಲರ್. ಯುಪಿಐ ನಡೆಯಲಿಲ್ಲ, ರುಪೇ ನಡೆಯಲಿಲ್ಲ. ಕ್ರೆಡಿಟ್ ಕಾರ್ಡ್ ಇದ್ದವನು ನಮ್ಮಲ್ಲಿ ಒಬ್ಬನೇ, ಅವನ ಕಾರ್ಡಿನಲ್ಲೂ ವಿದೇಶಿ ಪಾವತಿ ಬಂದ್ ಆಗಿತ್ತು. (2020ರಿಂದ ಹೊಸ ಕಾರ್ಡುಗಳು ಹಾಗೇ ಬರುತ್ತವೆ, ಬೇಕಾದವರು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಬೇಕು.) ತೆರೆದ, ಒತ್ತಿದ. ಕೊನೆಯ ಹಂತದಲ್ಲಿ ಶೇ. 18 ತೆರಿಗೆ ಸೇರಿ 47 ಡಾಲರ್ ದಾಟಿತು. ಬ್ಯಾಂಕು ವಿದೇಶಿ ವಿನಿಮಯದ ಶುಲ್ಕವೆಂದು ಶೇ. 3.5 ಹಾಕಿತು, ಆ ಶುಲ್ಕದ ಮೇಲೆ ಮತ್ತೆ ಶೇ. 18 ಜಿಎಸ್‌ಟಿ. ಖಾತೆಯಿಂದ ಹೋದದ್ದು 4,200ಕ್ಕೂ ಮೇಲೆ.

ಆ ತೆರಿಗೆಯ ಸಾಲನ್ನು ನಾವು ಸರಿಯಾಗಿ ನೋಡಿದ್ದು ಎಷ್ಟೋ ದಿನದ ಮೇಲೆ. ನಮ್ಮ ದೇಶದಲ್ಲಿ ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಅಚ್ಚಿನಲ್ಲೂ ಬಂದಿರುವ ಇ-ಪುಸ್ತಕಕ್ಕೆ 2018ರಲ್ಲಿ ದರವನ್ನು ಶೇ. 5ಕ್ಕೆ ಇಳಿಸಿದರು. ಆನ್‌ಲೈನ್ ಸೇವೆಗೆ ಶೇ. 18. ಅಂದರೆ ಮುಖಪುಟದ ಚಿತ್ರ ತೋರಿಸಿ ಮಾರಿದ್ದು ಪುಸ್ತಕವಲ್ಲ ಅನ್ನುವುದು ಬಿಲ್ಲಿನ ಮೇಲೇ ಇತ್ತು. ಮಾರಾಟದ ಪುಟದಲ್ಲಿ ಮಾತ್ರ ಎಲ್ಲೂ ಇರಲಿಲ್ಲ.

ಪಾವತಿಯಾದ ಮೇಲೆ ಡೌನ್‌ಲೋಡ್ ಗುಂಡಿ ಹುಡುಕಿದೆವು. ಪಿಡಿಎಫ್ ಇಲ್ಲ, ಇಪಬ್ ಎಂಬ ಇ-ಪುಸ್ತಕದ ಫೈಲೂ ಇಲ್ಲ. ಅವರ ಸೈಟಿನೊಳಗೆ ಲಾಗಿನ್ ಆಗಿ ಅಲ್ಲೇ ಓದಬೇಕು. ಪ್ರಿಂಟ್ ಇಲ್ಲ. ಎರಡು ಸಾಲು ಕಾಪಿ ಮಾಡಲೂ ಬಿಡುವುದಿಲ್ಲ. ಒಂದು ಖಾತೆ ಒಮ್ಮೆಗೆ ಎರಡೇ ಸಾಧನಗಳಲ್ಲಿ ತೆರೆಯುತ್ತದೆ, ಮೂರನೆಯವರು ಒಳಗೆ ಬಂದರೆ ಮೊದಲನೆಯವರು ಹೊರಗೆ. ಐದು ಜನ ಕೂತಾಗ ಇದರ ಪಾಡು ಊಹಿಸಿಕೊಳ್ಳಿ. "ಏ, ನನ್ನ ಯಾಕ ಹೊರಗ ಹಾಕಿದಿಲೇ?" ಅನ್ನುವುದೇ ಮಧ್ಯಾಹ್ನವೆಲ್ಲ ಸಂಭಾಷಣೆ, ರಾಕ್ಷಸನ ಜೊತೆ ಹೊಡೆದಾಡುವುದು ಅತ್ಲಾಗೆ ಉಳಿಯಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ವೈಫೈ ಬಿದ್ದರೆ ಪುಸ್ತಕವೂ ಬಿತ್ತು.

ಇದಕ್ಕೆ ಅವರಲ್ಲೇ ಮದ್ದಿತ್ತು. ತಿಂಗಳಿಗೆ 6 ಡಾಲರ್ ಕೊಟ್ಟರೆ ಖಾತೆಯವನು ತನ್ನ ಪುಸ್ತಕವನ್ನು ಗುಂಪಿನವರ ಖಾತೆಗಳಿಗೆ ಹಂಚಬಹುದು. 40 ಡಾಲರ್ ಎಂದು ಹೇಳುವಾಗ ಈ ಮಾತು ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಅದನ್ನೂ ಕಟ್ಟಿದೆವು. ಮೊದಲ ತಿಂಗಳು ಚಂದವಾಗಿ ನಡೆಯಿತು. ಮುಂದಿನ ಕಂತಿಗೆ ಬ್ಯಾಂಕು ಒಪ್ಪಲಿಲ್ಲ. ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಕಂತುಗಳಿಗೆ 2021ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮ ಬಿಗಿಯಾಗಿದೆ. ಒಪ್ಪಿಗೆಯನ್ನು ಮೊದಲು ನೋಂದಾಯಿಸಬೇಕು, ಕಡಿತಕ್ಕೆ 24 ಗಂಟೆ ಮುಂಚೆ ತಿಳಿಸಬೇಕು. ಗ್ರಾಹಕರಿಗೆ ಒಳ್ಳೆಯ ನಿಯಮವೇ. ಆದರೆ ಆ ಸೈಟು ಈ ವ್ಯವಸ್ಥೆಯೊಳಗೆ ಬಂದಿರಲಿಲ್ಲ. ಕಂತು ತಪ್ಪಿದ ದಿನವೇ ನಾಲ್ಕು ಜನರ ಪುಸ್ತಕ ಮಾಯ. ಜೊತೆಗೆ ಅಲ್ಲೇ ಬರೆದಿಟ್ಟಿದ್ದ ಪಾತ್ರಗಳ ವಿವರ, ಸಂಪಾದಿಸಿದ ಚಿನ್ನ, ಮ್ಯಾಪಿನ ಮೇಲಿನ ಗುರುತು ಎಲ್ಲಕ್ಕೂ ಬೀಗ.

ಧಾರವಾಡದವರಿಗೆ ಚಂದಾ ಹೊಸದಲ್ಲ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಬೆಳೆದದ್ದೇ ಚಂದಾದಾರರ ಬಲದಿಂದ. ಚಂದಾ ನಿಲ್ಲಿಸಿದರೆ ಮುಂದಿನ ಪುಸ್ತಕ ಬರುತ್ತಿರಲಿಲ್ಲ, ಕಪಾಟಿನಲ್ಲಿದ್ದದ್ದನ್ನು ಯಾರೂ ಹೊತ್ತುಕೊಂಡು ಹೋಗುತ್ತಿರಲಿಲ್ಲ.

ಇಷ್ಟನ್ನಾದರೂ ಸಹಿಸಬಹುದಿತ್ತು. ನನಗೆ ನಿಜವಾಗಿ ಸಿಟ್ಟು ತರಿಸಿದ್ದು ಬೇರೆ. ವಿಷ ತಗುಲಿದವನಿಗೆ ಒಂದು ಸುತ್ತಿನಲ್ಲಿ ಎಷ್ಟು ಪೆಟ್ಟು ಅನ್ನುವ ನಿಯಮವನ್ನು ಒಂದು ಭಾನುವಾರ ಓದಿ, ವಾದ ಮಾಡಿ, ಅದರ ಪ್ರಕಾರ ಒಂದು ಪಾತ್ರ ಸತ್ತೂ ಹೋಗಿತ್ತು. ಮುಂದಿನ ಸಲ ಅದೇ ಪುಟ ತೆರೆದರೆ ನಿಯಮ ಬೇರೆ! ಪೆಟ್ಟು ಅರ್ಧಕ್ಕಿಳಿದಿದೆ. ಸತ್ತವನನ್ನು ಆಡುತ್ತಿದ್ದವಳು, "ಹಂಗಾರ ನಾ ಸತ್ತೇ ಇಲ್ಲಲಾ" ಅಂತ ಪಟ್ಟು ಹಿಡಿದಳು. ನಮ್ಮ ಕಣ್ಣೇ ಸುಳ್ಳಾಡಿತೇನೋ ಅಂದುಕೊಂಡೆವು. ಪ್ರಕಾಶಕರು ತಿದ್ದುಪಡಿ ಮಾಡಿದ್ದರು, ಎಲ್ಲೂ ಹೇಳಿರಲಿಲ್ಲ, ಹಳೆಯ ನಿಯಮವನ್ನು ಇಟ್ಟಿರಲೂ ಇಲ್ಲ. ಅಚ್ಚಿನ ಪುಸ್ತಕದಲ್ಲಿ ತಪ್ಪಿದ್ದರೆ ತಪ್ಪು-ಒಪ್ಪುಗಳ ಚೀಟಿ ಬರುತ್ತದೆ, ಬೇಕಾದವರು ಅಂಟಿಸಿಕೊಳ್ಳುತ್ತಾರೆ. ಇಲ್ಲಿ ಆಟದ ನಡುವೆಯೇ ಯಾರೋ ಬಂದು ನಿಯಮ ಬದಲಿಸಿ ಹೋಗಿದ್ದರು.

ಹಣ ವಾಪಸ್ ಕೇಳಿ ಬರೆದೆವು. ಪುಸ್ತಕವನ್ನು ಒಮ್ಮೆ ತೆರೆದ ಮೇಲೆ ಮರುಪಾವತಿ ಇಲ್ಲ, ನಿಮಗೆ ಕೊಟ್ಟಿರುವುದು ಬಳಸುವ ಪರವಾನಗಿ ಮಾತ್ರ ಎಂಬ ಉತ್ತರ ಬಂತು. ಆ ಬಳಿಕ ಪತ್ರವಿಲ್ಲ.

ಇದು ಸಣ್ಣ ಅಂಗಡಿಯ ಬುದ್ಧಿ, ದೊಡ್ಡವರ ಹತ್ತಿರ ತಗೊಂಡರೆ ತೊಂದರೆಯಿಲ್ಲ ಅನ್ನುವವರಿದ್ದಾರೆ. ಆದರೆ ಈ ಬಗೆಯ ಆಟಗಳಲ್ಲಿ ಜಗತ್ಪ್ರಸಿದ್ಧವಾದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ (ಡಿ ಆ್ಯಂಡ್ ಡಿ) ಒಡೆಯರಾದ ವಿಝರ್ಡ್ಸ್ ಆಫ್ ದ ಕೋಸ್ಟ್ 2009ರ ಏಪ್ರಿಲ್‌ನಲ್ಲಿ ತಮ್ಮ ಪಿಡಿಎಫ್‌ಗಳನ್ನು ಮಾರುಕಟ್ಟೆಯಿಂದ ಒಮ್ಮೆಲೇ ಹಿಂತೆಗೆದರು. ದುಡ್ಡು ಕೊಟ್ಟವರಿಗೂ ಅಂಗಡಿಯಿಂದ ಮತ್ತೆ ಇಳಿಸಿಕೊಳ್ಳಲು ಆಗಲಿಲ್ಲ. ತಮ್ಮ ಕಂಪ್ಯೂಟರಿನಲ್ಲಿ ಫೈಲ್ ಉಳಿಸಿಕೊಂಡವರಷ್ಟೇ ಬಚಾವಾದರು. ಆ ಪಿಡಿಎಫ್‌ಗಳು ಮತ್ತೆ ಮಾರಾಟಕ್ಕೆ ಬಂದದ್ದು 2013ರಲ್ಲಿ. ಅದೇ ಆಟದ ಅಧಿಕೃತ ತಾಣ ಡಿ ಆ್ಯಂಡ್ ಡಿ ಬಿಯಾಂಡ್ 2024ರಲ್ಲಿ ಬಿಡಿ ಮಾರಾಟ ನಿಲ್ಲಿಸಿತು. ಅದುವರೆಗೆ ಒಂದೇ ಒಂದು ಮಂತ್ರ, ಒಂದೇ ಒಂದು ಬಗೆಯ ಪಾತ್ರ ಬೇಕೆಂದರೆ ಅಷ್ಟಕ್ಕೇ ಕೊಡಬಹುದಿತ್ತು, ಈಗ ಇಡೀ ಪುಸ್ತಕ. ಆ ವರ್ಷ ಬಂದ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್‌ಗೆ (ಆಟಗಾರರ ರೂಲ್‌ಬುಕ್) ಅಚ್ಚಿನಲ್ಲಿ 49.99 ಡಾಲರ್, ಆ ತಾಣದಲ್ಲಿ 29.99. ಕಾಗದ, ಮುದ್ರಣ, ಹಡಗು, ಗೋದಾಮು ಯಾವುದೂ ಇಲ್ಲದ, ಫೈಲ್ ಕೂಡ ಕೈಗೆ ಕೊಡದ ವಸ್ತುವಿಗೆ ಅಚ್ಚಿನ ಬೆಲೆಯ ಶೇ. 60ರಷ್ಟು ಕೇಳುವುದು ಅತಿಯಾಯಿತು. ಬರೆದವರಿಗೆ, ಚಿತ್ರ ಬಿಡಿಸಿದವರಿಗೆ ದುಡ್ಡು ಸಲ್ಲಬೇಕು ನಿಜ. ಆದರೆ ನಾಳೆ ಮಾರಲಾಗದ, ತಮ್ಮನಿಗೆ ಕೊಡಲಾಗದ ವಸ್ತುವಿಗೆ ಅರ್ಧಕ್ಕಿಂತ ಹೆಚ್ಚು ಕೊಡಲು ನನಗಂತೂ ಮನಸ್ಸಿಲ್ಲ.

ಅಮೆರಿಕದಲ್ಲೇ ಈ ತಕರಾರು ಎದ್ದು, ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಜಾರಿಯಲ್ಲಿದೆ. ಕೊಡುವುದು ಪರವಾನಗಿ ಮಾತ್ರವಾಗಿದ್ದರೆ ಡಿಜಿಟಲ್ ಅಂಗಡಿ ಅದನ್ನು ಮಾರುವಾಗಲೇ ಸ್ಪಷ್ಟವಾಗಿ ಹೇಳಬೇಕು. ನಮಗೆ ಅಂಥ ರಕ್ಷಣೆ ಸಿಗುವ ತನಕ ನಾವೇ ಕೇಳಿಕೊಳ್ಳಬೇಕು. ಪಾವತಿಗೆ ಮೊದಲು ಒಂದು ಮೇಲ್ ಹಾಕಿ: ಫೈಲ್ ಇಳಿಯುತ್ತದೋ, ಪ್ರಿಂಟ್ ತೆಗೆಯಬಹುದೋ, ಮೇಜಿನ ಸುತ್ತ ಕೂತವರು ಏನು ಮಾಡಬೇಕು? ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ.

ಪಿಡಿಎಫ್ ಆದರೆ ನನ್ನ ಮಟ್ಟಿಗೆ ಬೇರೆ ಮಾತು. ಡ್ರೈವ್‌ಥ್ರೂ ಆರ್‌ಪಿಜಿಯಂಥ ಆನ್‌ಲೈನ್ ಅಂಗಡಿಗಳಲ್ಲಿ ಸಿಗುವ ಫೈಲ್‌ಗಳ ಪುಟದಡಿಯಲ್ಲಿ ಹಲವು ಸಲ ಕೊಂಡವರ ಹೆಸರು, ಆರ್ಡರ್ ನಂಬರ್ ಅಚ್ಚಾಗಿರುತ್ತದೆ, ಬೀಗ ಇರುವುದಿಲ್ಲ. ಹೆಸರು ಇದೆ ಅಂದಮೇಲೆ ವಾಟ್ಸ್ಆ್ಯಪ್ ಗುಂಪಿಗೆ ತಳ್ಳುವ ಹಾಗಿಲ್ಲ. ಟ್ಯಾಬ್ಲೆಟ್ಟನ್ನು ಕೈಯಿಂದ ಕೈಗೆ ದಾಟಿಸಬಹುದು. ಸ್ವಂತ ಬಳಕೆಗೆ ಮುದ್ರಿಸಬಹುದು ಎಂದು ಒಳಗೇ ಬರೆದಿದ್ದರೆ ಪಾತ್ರ ಕಟ್ಟುವ ಪುಟ, ಕಾಳಗದ ಪುಟಗಳನ್ನು ಮಾತ್ರ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡರೆ ಮೇಜಿಗೆ ಬೇಕಾದದ್ದು ಬಂತು. ಮೊದಲು ಉಚಿತ ಮುನ್ನೋಟ ನೋಡಿ. ಬುಕ್‌ಮಾರ್ಕ್ ಇಲ್ಲದ ನೂರಾರು ಎಂಬಿಯ ಫೈಲ್ ಸಾದಾ ಫೋನಿನಲ್ಲಿ ಪುಟ ತಿರುವಲೂ ಬಿಡುವುದಿಲ್ಲ.

ಇನ್ನು ಟೆಲಿಗ್ರಾಂನಲ್ಲಿ "ಎಲ್ಲಾ ರೂಲ್‌ಬುಕ್ 299 ರೂಪಾಯಿ" ಅನ್ನುವವರು. ಕಳ್ಳಮಾಲು. ನಮ್ಮ ಪರಿಚಯದ ಹುಡುಗನೊಬ್ಬ ದುಡ್ಡು ಕಳಿಸಿದ, ಬಂದ ಲಿಂಕ್ ತೆರೆಯಲೇ ಇಲ್ಲ. ಹೀಗೆ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಸಲಿಗೆ ದುಡ್ಡೇ ಬೇಕಿಲ್ಲದ ದಾರಿಗಳು ಎಷ್ಟೋ ಇವೆ. ಡಿ ಆ್ಯಂಡ್ ಡಿಯ ಮೂಲ ನಿಯಮಗಳನ್ನು ಒಟ್ಟು ಮಾಡಿದ ಎಸ್‌ಆರ್‌ಡಿ 5.1 ಎಂಬ ದಾಖಲೆಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿ ಬಿಟ್ಟುಕೊಟ್ಟರು, 2025ರಲ್ಲಿ 5.2 ಬಂತು. ಎರಡೂ ಪಿಡಿಎಫ್, ಹಂಚಲು ಅಡ್ಡಿಯಿಲ್ಲ. ಈ ಪರವಾನಗಿಯನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲ. ಪಾಥ್‌ಫೈಂಡರ್ ಎಂಬ ಇನ್ನೊಂದು ಆಟದ ನಿಯಮಗಳು ಪ್ರಕಾಶಕರ ಒಪ್ಪಿಗೆಯಿಂದಲೇ ಆರ್ಕೈವ್ಸ್ ಆಫ್ ನೆಥಿಸ್ ಸೈಟಿನಲ್ಲಿ ತೆರೆದಿವೆ. ಇಬ್ಬರೇ ಇದ್ದರೆ, ಒಬ್ಬರೇ ಇದ್ದರೂ, ಐರನ್‌ಸ್ವಾರ್ನ್ ಆಟ ನೋಡಿ. ಮೂಲ ಪುಸ್ತಕದ ಪಿಡಿಎಫ್ ಪುಕ್ಕಟೆ. ನಮ್ಮ ಗುಂಪು ಈಗ ಎಸ್‌ಆರ್‌ಡಿಗೆ ಮರಳಿದೆ. ವಿಷದಿಂದ ಸತ್ತವಳು ಹೊಸ ಪಾತ್ರ ಕಟ್ಟಿಕೊಂಡಿದ್ದಾಳೆ, ಹಳೆಯ ಸಾವಿನ ತಕರಾರು ಮಾತ್ರ ಬಿಟ್ಟಿಲ್ಲ.

ಈಗಾಗಲೇ ಇಂಥದ್ದರಲ್ಲಿ ಸಿಕ್ಕಿಕೊಂಡಿದ್ದರೆ ಇಷ್ಟು ಮಾಡಿ. ಖಾತೆ ತೆರೆದಿರುವಾಗಲೇ ಪಾತ್ರಗಳ ವಿವರವನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ಮಾಸಿಕ ಪ್ಲ್ಯಾನನ್ನು ಸೈಟಿನೊಳಗೇ ರದ್ದು ಮಾಡಿ, ರದ್ದಾದ ಮೇಲ್ ಇಟ್ಟುಕೊಳ್ಳಿ. ಹೇಳಿದ ವಸ್ತು ಕೊಟ್ಟೇ ಇಲ್ಲದಿದ್ದರೆ ಬಿಲ್ಲು, ಮಾರಾಟದ ಪುಟದ ಸ್ಕ್ರೀನ್‌ಶಾಟ್ ಹಿಡಿದು ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಾರ್ಡಿನಿಂದ ಹೋದ ಹಣದ ವಾಪಸಾತಿ) ಕೇಳಿ, ಅದಕ್ಕೆ ಗಡುವು ಇರುತ್ತದೆ. ಮಾರಿದವರು ನಮ್ಮ ದೇಶದವರೇ ಆಗಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ಕೆಲಸ ಮುಗಿದ ಕೂಡಲೇ ಕಾರ್ಡಿನ ವಿದೇಶಿ ಪಾವತಿಯನ್ನು ಮತ್ತೆ ಬಂದ್ ಮಾಡಿ.