ಫುಡ್ ಟ್ರಕ್‌ಗೆ ‘ಎಲ್ಲ ಲೈಸೆನ್ಸ್ ಒಂದೇ ಪ್ಯಾಕೇಜ್’: ತುಮಕೂರಿನಲ್ಲಿ ಏಜೆಂಟ್ ಹಿಡಿದು ಮಾಡಿಸಿದ ಅನುಭವ

ಐದಕ್ಕೆ ಎರಡು ಸ್ಟಾರ್. ಆ ಎರಡೂ ಆರ್‌ಟಿಒ ಕೆಲಸಕ್ಕೆ. ಉಳಿದದ್ದಕ್ಕೆ ಕೊಟ್ಟ ದುಡ್ಡು ದಂಡ. ಏಜೆಂಟರ ಹೆಸರು ಹಾಕುವುದಿಲ್ಲ, ಜಗಳ ಬೇಡ. ಆದರೆ ‘ಗಾಡಿ ನಿಮ್ಮದು, ಪೇಪರ್ ನಮ್ಮದು’ ಅಂತ ಯಾರಾದರೂ ನಿಮಗೂ ಹೇಳುತ್ತಿದ್ದರೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ.

ನಮ್ಮದು ಹಳೇ ಟಾಟಾ ಏಸ್. ನಾನು, ನಮ್ಮ ಅಕ್ಕನ ಮಗ ಇಬ್ಬರೂ ಸೇರಿ ನಡೆಸುವುದು. ಹಿಂದೆ ಬಾಕ್ಸ್ ಕಟ್ಟಿಸಿದೆವು, ಒಳಗೆ ಸ್ಟೀಲ್ ಕೌಂಟರ್, ಎರಡು ಒಲೆ, ಕೈ ತೊಳೆಯುವ ಸಿಂಕ್, ಅದರ ಕೊಳೆ ನೀರು ರಸ್ತೆಗೆ ಹೋಗದಂತೆ ಕೆಳಗೊಂದು ಟ್ಯಾಂಕ್. ಸಂಜೆ ತಟ್ಟೆ ಇಡ್ಲಿ, ದೋಸೆ. ತಟ್ಟೆ ಇಡ್ಲಿಗೇ ಹೆಸರಾದ ಕ್ಯಾತ್ಸಂದ್ರ ಪಕ್ಕದಲ್ಲೇ ಇರುವಾಗ ತುಮಕೂರಿನಲ್ಲಿ ಅದನ್ನೇ ಮಾರುವ ಧೈರ್ಯ ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ.

ಮೊದಲು ಒಳ್ಳೆಯದು. ಕಂಪನಿಯಿಂದ ಬಂದ ಗಾಡಿಯನ್ನು ನಾವು ಬೇಕಾದ ಹಾಗೆ ಬದಲಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಬೇಕು, ಬದಲಾವಣೆ ಆರ್‌ಸಿಯಲ್ಲೂ ಬರಬೇಕು. ಈ ವಿಷಯದಲ್ಲಿ ಏಜೆಂಟ್ ನಿಜಕ್ಕೂ ಪಳಗಿದ ಕೈ. ವೆಲ್ಡಿಂಗ್ ಶುರುವಾಗುವ ಮೊದಲೇ ಶೆಡ್ಡಿಗೆ ಬಂದು, ಟೇಪ್ ಹಿಡಿದು ಉದ್ದ, ಅಗಲ, ಎತ್ತರ ಅಳೆದು, ‘ಅಣ್ಣ, ಪಕ್ಕದ ಬಾಗಿಲು ತೆರೆದಾಗ ಎಷ್ಟು ಬೇಕಾದರೂ ಚಾಚಲಿ, ಮುಚ್ಚಿದ ಮೇಲೆ ಗಾಡಿ ಅಗಲ ದಾಟಬಾರದು, ದಾಟಿದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಹೊತ್ತಿಗೆ ಕಟರ್ ಹಿಡಿದು ಕತ್ತರಿಸಬೇಕಾಗುತ್ತೆ’ ಅಂದರು. ಬಾಡಿ ಕಟ್ಟಿದವರ ಹತ್ತಿರ ಸರಿಯಾದ ಬಿಲ್ ಹಾಕಿಸಿದರು. ಇನ್ಶೂರೆನ್ಸ್‌ನವರಿಗೂ ಬದಲಾವಣೆ ತಿಳಿಸಿ ಪಾಲಿಸಿಯಲ್ಲಿ ಬರೆಸಿದರು. ಇದನ್ನು ಎಷ್ಟೋ ಜನ ಮಾಡಿಸುವುದೇ ಇಲ್ಲ, ನಾಳೆ ಗ್ಯಾಸ್ ಹತ್ತಿಕೊಂಡು ಗಾಡಿ ಸುಟ್ಟರೆ ಕ್ಲೇಮ್ ಕೇಳುವಾಗ ಗೊತ್ತಾಗುತ್ತೆ. ಎಂಟು ವರ್ಷ ದಾಟಿದ ಗಾಡಿಯಾದ್ದರಿಂದ ಎಫ್‌ಸಿ ಇನ್ನು ವರ್ಷ ವರ್ಷ ಮಾಡಿಸಬೇಕು ಅಂತಲೂ ಮೊದಲೇ ಹೇಳಿದ್ದರು. ಇಷ್ಟಕ್ಕೆ ಅವರು ತೆಗೆದುಕೊಂಡ ದುಡ್ಡಿನ ಬಗ್ಗೆ ನನಗೆ ಬೇಜಾರಿಲ್ಲ.

ಬೇಜಾರು ಶುರುವಾಗುವುದು ಇಲ್ಲಿಂದ. ‘ಫುಡ್ ಲೈಸೆನ್ಸ್’ ಅಂತ ಬಿಲ್ಲಿನಲ್ಲಿ ಸಾವಿರಗಟ್ಟಲೆ ಹಾಕಿದ್ದರು. ಕೈಗೆ ಬಂದದ್ದು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಬೇಸಿಕ್ ರಿಜಿಸ್ಟ್ರೇಷನ್. ನಾವು ಮಾಡಿಸಿದಾಗ 12 ಲಕ್ಷದೊಳಗೆ ವಹಿವಾಟು ಇರುವವರಿಗೆ ಇದಕ್ಕೆ ಸರ್ಕಾರದ ಶುಲ್ಕ ವರ್ಷಕ್ಕೆ 100 ರೂಪಾಯಿ. ಫೋಟೋ, ಗುರುತಿನ ಚೀಟಿ, ವಿಳಾಸ ಇದ್ದರೆ ಅವರದೇ ಫಾಸ್ಕಾಸ್ ಪೋರ್ಟಲ್‌ನಲ್ಲಿ ಮೊಬೈಲ್ ಹಿಡಿದುಕೊಂಡು ನಾವೇ ಹಾಕಬಹುದು. ತಳ್ಳುಗಾಡಿ, ಓಡಾಡಿ ಮಾರುವವರಿಗೆ ಅಂತಲೇ ಬೇರೆ ಆಯ್ಕೆ ಇದೆ. ಬಂದ 14 ಅಂಕಿಯ ನಂಬರ್ ನೋಡಿದರೆ ಯಾವ ಮಾಲು ಅಂತ ಗೊತ್ತಾಗುತ್ತೆ: 1ರಿಂದ ಶುರುವಾದರೆ ಲೈಸೆನ್ಸ್, 2ರಿಂದ ಶುರುವಾದರೆ ರಿಜಿಸ್ಟ್ರೇಷನ್. ನಮ್ಮದು 2. ಅಡುಗೆ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ, ಟೈಫಾಯ್ಡ್ ಲಸಿಕೆ ಆಗಿರಬೇಕು ಅನ್ನುವುದನ್ನು ಮಾತ್ರ ಈ ಮಹಾನುಭಾವರು ಹೇಳಲೇ ಇಲ್ಲ. ಅದರಲ್ಲಿ ಕಮಿಷನ್ ಇಲ್ಲವಲ್ಲ.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ರಿಜಿಸ್ಟ್ರೇಷನ್‌ಗೂ ಚಾರ್ಜ್. ಅದು ಪೂರ್ತಿ ಉಚಿತ ಸ್ವಾಮಿ, ಆಧಾರ್, ಪ್ಯಾನ್ ನಂಬರ್ ಹಾಕಿ ಒಟಿಪಿ ಕೊಟ್ಟರೆ ಮುಗಿಯಿತು. ಗ್ಯಾಸ್ ಬಗ್ಗೆ 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಇಡಿ, ಮನೆಯ 14.2 ಕೆಜಿಯದ್ದು ಇಟ್ಟರೆ ಎತ್ತಿಕೊಂಡು ಹೋಗುತ್ತಾರೆ ಅಂದರು. ಸರಿಯಾದ ಮಾತು, ಅದಕ್ಕೆ ಪುಣ್ಯಕ್ಕೆ ಬಿಲ್ ಹಾಕಲಿಲ್ಲ.

ಈಗ ಮುಖ್ಯ ವಿಷಯ. ಗಾಡಿಗೆ ಎಷ್ಟೇ ಕಾಗದ ಇರಲಿ, ಅದು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೂ ಒಂದು ಕಾಗದ ಬೇಕು ಅಲ್ವಾ? ಪ್ಯಾಕೇಜ್‌ನಲ್ಲಿ ‘ಸಿಟಿ ಪರ್ಮಿಷನ್’ ಅಂತ ದಪ್ಪ ಅಕ್ಷರದಲ್ಲಿ ಇದ್ದದ್ದು ಅದಕ್ಕೇ ಅಂದುಕೊಂಡು ನಾವು ದುಡ್ಡು ಕಟ್ಟಿದ್ದು. ಕೊನೆಗೆ ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಕೊಟ್ಟರು. ನೀಲಿ ರೌಂಡ್ ಸೀಲ್, ಕೆಳಗೆ ಇನಿಷಿಯಲ್, ತಾರೀಖು. ಅದನ್ನು ಗಾಡಿಯ ಗಾಜಿಗೆ ಅಂಟಿಸಿಕೊಂಡು ಅಮಾನಿಕೆರೆ ಕಡೆ ನಿಲ್ಲಿಸಿದೆವು. ಸಂಜೆ ವಾಕಿಂಗ್ ಜನ, ಮಕ್ಕಳು, ವ್ಯಾಪಾರವೂ ಚೆನ್ನಾಗಿತ್ತು. ಟ್ರಾಫಿಕ್ ಪೊಲೀಸರೊಬ್ಬರು ಬಂದು, ಹಾಳೆಯನ್ನು ನಿಧಾನವಾಗಿ ಪೂರ್ತಿ ಓದಿ, ‘ಇದು ನೀವು ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಕಣ್ರೀ, ಅನುಮತಿ ಎಲ್ಲಿ?’ ಅಂದರು. ನೋಡಿದರೆ ಹೌದು. ಸೀಲ್ ಒಳಗೆ ‘ಸ್ವೀಕರಿಸಲಾಗಿದೆ’ ಅಂತ ಮಾತ್ರ ಇದೆ. ಅರ್ಜಿ ತಲುಪಿದೆ ಅನ್ನುವ ಚೀಟಿಗೆ ಪ್ಲಾಸ್ಟಿಕ್ ಹಾಕಿಸಿ ಪರ್ಮಿಷನ್ ಅಂತ ಮಾರಿದ್ದಾರೆ! ಪಾಪ, ಆ ಪೊಲೀಸರು ಒಳ್ಳೆಯವರು, ಹಿಟ್ಟು ಖಾಲಿಯಾಗುವವರೆಗೆ ಬಿಟ್ಟರು.

ಫೋನ್ ಮಾಡಿದರೆ, ‘ಸಾರ್, ಅದು ಪ್ರೊಸೆಸ್‌ನಲ್ಲಿದೆ’. ಅಣ್ಣ ಹೋಗಿ ಸಾರ್ ಆಗಿದ್ದೆ.

ಆಮೇಲೆ ಸ್ವಲ್ಪ ಓದಿ ನೋಡಿದ ಮೇಲೆ ಅನಿಸಿದ್ದು, ಏಜೆಂಟ್ ಎಷ್ಟು ಓಡಾಡಿದ್ದರೂ ಆ ಕಾಗದ ಬರುತ್ತಿರಲಿಲ್ಲ. ಬೀದಿ ವ್ಯಾಪಾರಿಗಳ ಕಾಯ್ದೆ ಬಂದದ್ದು 2014ರಲ್ಲಿ. ಅದರ ಪ್ರಕಾರ ಪಟ್ಟಣ ಮಾರಾಟ ಸಮಿತಿ ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಮಾಡಬೇಕು, ಸರ್ವೆಯಲ್ಲಿ ಸಿಕ್ಕವರಿಗೆ ಪ್ರಮಾಣಪತ್ರ, ಗುರುತಿನ ಚೀಟಿ ಕೊಡಬೇಕು. ಅದರಲ್ಲಿ ಒಂದೇ ಕಡೆ ಕೂರುವವರು, ಓಡಾಡಿ ಮಾರುವವರು ಅಂತ ಬೇರೆ ಬೇರೆ ವಿಧವೂ ಇದೆ. ಆದರೆ ಷರತ್ತು ನೋಡಿ: ವ್ಯಾಪಾರ ನಾನೇ ಇಲ್ಲವೇ ಮನೆಯವರು ಮಾಡಬೇಕು, ಬೇರೆ ಜೀವನೋಪಾಯ ಇರಬಾರದು, ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವಂತಿಲ್ಲ. ಬುಟ್ಟಿ ಹೊತ್ತವರನ್ನು, ತಳ್ಳುಗಾಡಿಯವರನ್ನು ಎತ್ತಂಗಡಿಯಿಂದ ಕಾಪಾಡಲು ಮಾಡಿದ ಕಾನೂನು ಅದು. ಬೆಳಗ್ಗೆ ಬೇರೆ ಕೆಲಸ, ಸಂಜೆ ಎಂಜಿನ್ ಗಾಡಿಯಲ್ಲಿ ದೋಸೆ ಅನ್ನುವ ನನ್ನಂಥವನಿಗೆ ಅಲ್ಲಿ ಜಾಗ ಇಲ್ಲ. ಇರಲೂಬಾರದೇನೋ. ಇನ್ನೊಂದು ಕಡೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಕೇಳಿದರೆ ಅರ್ಜಿಯಲ್ಲಿ ಕಟ್ಟಡ, ಮಳಿಗೆಯ ವಿಳಾಸ ಕೇಳುತ್ತೆ. ಗಾಡಿಗೆ ಇರುವುದು ಕೆಎ-06 ನಂಬರ್ ಮಾತ್ರ. ಈ ಎರಡರ ನಡುವೆ ಫುಡ್ ಟ್ರಕ್ ಬೀಳುತ್ತೆ. ಇದನ್ನು ಮೊದಲ ದಿನವೇ ಹೇಳಿದ್ದರೆ ಏಜೆಂಟ್ ಬಗ್ಗೆ ಮೂರನೇ ಸ್ಟಾರ್ ಕೂಡ ಕೊಡುತ್ತಿದ್ದೆ.

ಸದ್ಯ ಎಸ್.ಎಸ್. ಪುರಂ ಕಡೆ ಒಂದು ಖಾಲಿ ಸೈಟು ಬಾಡಿಗೆಗೆ ಹಿಡಿದಿದ್ದೇವೆ. ಛಾಪಾ ಕಾಗದದ ಮೇಲೆ ಕರಾರು, ಮಾಲೀಕರ ಒಪ್ಪಿಗೆ ಪತ್ರ, ಅದೇ ವಿಳಾಸಕ್ಕೆ ಟ್ರೇಡ್ ಲೈಸೆನ್ಸ್ ಅರ್ಜಿ. ಈ ಸಲ ನಾನೇ ಹಾಕಿದೆ. ಸಕಾಲ ನಂಬರ್ ಬಂದಿದೆ, ಅರ್ಜಿ ಯಾರ ಟೇಬಲ್ ಮೇಲಿದೆ ಅಂತ ಕೂತಲ್ಲೇ ನೋಡಬಹುದು. ರಸ್ತೆಯಿಂದ ಒಳಗೆ ಇರುವುದರಿಂದ ವ್ಯಾಪಾರ ಅಮಾನಿಕೆರೆಯಷ್ಟಿಲ್ಲ, ಆದರೆ ಪೊಲೀಸ್ ಸೀಟಿ ಕೇಳಿದರೆ ಎದೆ ಹೊಡೆದುಕೊಳ್ಳುವುದಿಲ್ಲ.

ಇನ್ನೊಂದು ಬಾಕಿ ಇದೆ. ಪ್ಯಾಕೇಜ್ ಜೊತೆಗೆ ನಮ್ಮನ್ನು ಕೇಳದೆ ಜಿಎಸ್‌ಟಿ ನಂಬರ್ ಕೂಡ ಮಾಡಿಸಿಟ್ಟಿದ್ದಾರೆ. ಹೋಟೆಲ್ ತರಹದ ವ್ಯಾಪಾರಕ್ಕೆ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಅದು ಬೇಕಾಗಿರಲಿಲ್ಲ. ಈಗ ವ್ಯಾಪಾರ ಇರಲಿ ಬಿಡಲಿ ರಿಟರ್ನ್ ಹಾಕಬೇಕು, ತಡವಾದರೆ ದಂಡ. ರದ್ದು ಮಾಡಿಸಲು ಅರ್ಜಿ ಹಾಕಬೇಕು, ರದ್ದಾದ ಮೇಲೆ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಬೇರೆ. ಈ ವಿಷಯಕ್ಕೆ ಫೋನ್ ಮಾಡಿದಾಗ ಏಜೆಂಟ್ ತಕ್ಷಣ ಎತ್ತಿದರು. ‘ಮಾಡಿಕೊಡೋಣ ಅಣ್ಣ, ಅದಕ್ಕೆ ಸಪರೇಟ್ ಚಾರ್ಜ್ ಆಗುತ್ತೆ.’