ಏರ್ ಡೆಕ್ಕನ್ ಸೇವೆ: ದಾವಣಗೆರೆಯ ಪ್ರಯಾಣಿಕನೊಬ್ಬನ ವಿಮರ್ಶೆ

ಹಾರಾಟ ನಿಲ್ಲಿಸಿದ ವಿಮಾನ ಸಂಸ್ಥೆಯ ಸೇವೆಯನ್ನು ಇಂದು ವಿಮರ್ಶಿಸುವುದಕ್ಕೆ ಕಾರಣವಿದೆ. ದಾವಣಗೆರೆಗೊಂದು ವಿಮಾನ ನಿಲ್ದಾಣ ಬೇಕೆಂಬ ಬೇಡಿಕೆ ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ನಿಲ್ದಾಣವಾದ ಮೇಲೆ ಅಲ್ಲಿಗೆ ಯಾರು ವಿಮಾನ ತರುತ್ತಾರೆ, ಎಂಥ ವಿಮಾನ ತರುತ್ತಾರೆ, ಎಷ್ಟು ಕಾಲ ಉಳಿಯುತ್ತಾರೆ ಎಂಬ ವಿಚಾರ ಚರ್ಚೆಗೆ ಬರುವುದು ಕಡಿಮೆ. ಈ ಮೂರು ಪ್ರಶ್ನೆಗಳನ್ನು ಇಡೀ ದೇಶದ ಮುಂದೆ ಮೊದಲು ಇಟ್ಟದ್ದು ನಮ್ಮ ರಾಜ್ಯದಲ್ಲೇ ಹುಟ್ಟಿದ ಏರ್ ಡೆಕ್ಕನ್.

ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಸೇನೆ ಬಿಟ್ಟು ಊರಿಗೆ ಬಂದು ಬೇಸಾಯ ಮಾಡಿದವರು, ಆಮೇಲೆ ಹೆಲಿಕಾಪ್ಟರ್ ಬಾಡಿಗೆಯ ಉದ್ಯಮ ಕಟ್ಟಿದವರು. ಅವರು 2003ರ ಆಗಸ್ಟ್‌ನಲ್ಲಿ ಆರಂಭಿಸಿದ ಈ ಸಂಸ್ಥೆ ಭಾರತದ ಮೊದಲ ಅಗ್ಗದ ದರದ ವಿಮಾನಯಾನ ಸಂಸ್ಥೆ. ಆರಂಭದಲ್ಲೇ ವಿಘ್ನ ಎದುರಾಯಿತು. ವೆಂಕಯ್ಯ ನಾಯ್ಡು ಅವರಂಥ ಗಣ್ಯರಿದ್ದ ಹೈದರಾಬಾದ್–ವಿಜಯವಾಡ ಉದ್ಘಾಟನಾ ಹಾರಾಟದಲ್ಲಿ, ವಿಮಾನ ನೆಲ ಬಿಡುವ ಮೊದಲೇ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿಕೊಂಡಿತು. ಅಂಥ ಅವಮಾನದಿಂದ ಚೇತರಿಸಿಕೊಂಡು ಮುಂದಿನ ಮೂರು ವರ್ಷಗಳಲ್ಲಿ ದೇಶದ ದೊಡ್ಡ ಸಂಸ್ಥೆಗಳ ಸಾಲಿಗೆ ಬಂದು ನಿಂತದ್ದು ಸಣ್ಣ ಸಾಧನೆಯಲ್ಲ.

ಸೇವೆಯ ಸ್ವರೂಪ ಬಹಳ ಸರಳವಾಗಿತ್ತು. ಒಂದೇ ದರ್ಜೆ, ಊಟವಿಲ್ಲ, ನೀರು ಮತ್ತು ತಿಂಡಿ ಬೇಕಾದವರು ಹಣ ಕೊಟ್ಟು ಕೊಳ್ಳಬೇಕು, ಆಸನದ ಸಂಖ್ಯೆ ಇಲ್ಲ, ಮೊದಲು ಹತ್ತಿದವರು ಕಿಟಕಿಯ ಪಕ್ಕ ಕೂರಬಹುದು. ಮುಂಚಿತವಾಗಿ ಕೊಂಡವರಿಗೆ ಟಿಕೆಟ್ ಅಗ್ಗ, ಹಾರುವ ದಿನ ಹತ್ತಿರವಾದಂತೆ ದುಬಾರಿ. ಕೆಲವು ಆಸನಗಳನ್ನು ತೆರಿಗೆ ಮತ್ತು ಶುಲ್ಕ ಬಿಟ್ಟು ಒಂದು ರೂಪಾಯಿಗೆ ಮಾರಿದ್ದೂ ಉಂಟು. ಆರ್. ಕೆ. ಲಕ್ಷ್ಮಣ್ ಅವರ ಚೌಕಳಿ ಕೋಟಿನ ಶ್ರೀಸಾಮಾನ್ಯ ಈ ಸಂಸ್ಥೆಯ ಗುರುತಾಗಿದ್ದ. ಇಂಟರ್‌ನೆಟ್‌ನಲ್ಲಿ ಟಿಕೆಟ್ ಮಾರಿದ್ದಲ್ಲದೆ, ಕಂಪ್ಯೂಟರ್ ಇಲ್ಲದವರಿಗಾಗಿ ಪೆಟ್ರೋಲ್ ಬಂಕ್‌ಗಳಲ್ಲೂ ಮಾರಿದರು. ವಿಮಾನದ ಟಿಕೆಟ್ಟೆಂದರೆ ಟ್ರಾವೆಲ್ ಏಜೆಂಟರ ಕಚೇರಿ ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಇದು ದಿಟ್ಟ ಯೋಚನೆ.

ನನ್ನ ದೃಷ್ಟಿಯಲ್ಲಿ ಈ ಸಂಸ್ಥೆಯ ನಿಜವಾದ ಬಲ ಒಂದು ರೂಪಾಯಿಯ ಟಿಕೆಟ್ಟಿನಲ್ಲಿರಲಿಲ್ಲ, 48 ಆಸನಗಳ ಎಟಿಆರ್ ವಿಮಾನದಲ್ಲಿತ್ತು. ಪಂಖದಿಂದ ಹಾರುವ ಈ ಸಣ್ಣ ವಿಮಾನ ಕಡಿಮೆ ಇಂಧನ ಕುಡಿಯುತ್ತದೆ, ಚಿಕ್ಕ ರನ್‌ವೇಯಲ್ಲಿ ಇಳಿಯುತ್ತದೆ, ಐವತ್ತು ಜನ ಸಿಗುವ ಊರಿಗೂ ಹೋಗಿ ಬರುತ್ತದೆ. 80ಕ್ಕಿಂತ ಕಡಿಮೆ ಆಸನಗಳ ವಿಮಾನಕ್ಕೆ ಇಳಿಯುವ ಶುಲ್ಕದಲ್ಲಿ ವಿನಾಯಿತಿಯೂ ದೊರೆಯಿತು. ಹಾಗಾಗಿಯೇ ದೊಡ್ಡ ಸಂಸ್ಥೆಗಳು ಕಣ್ಣೆತ್ತಿ ನೋಡದ ಹುಬ್ಬಳ್ಳಿಯಂಥ ಊರುಗಳು ವಿಮಾನದ ನಕ್ಷೆಗೆ ಬಂದವು. ದಾವಣಗೆರೆಯವರಿಗೆ ಹುಬ್ಬಳ್ಳಿ ಸುಮಾರು 150 ಕಿಲೋಮೀಟರ್, ಬೆಂಗಳೂರು ಸುಮಾರು 260. ಇಲ್ಲಿನ ವೈದ್ಯಕೀಯ ಕಾಲೇಜಿಗೆ ಉತ್ತರ ಭಾರತದಿಂದ ಮಕ್ಕಳನ್ನು ಕಳಿಸಿದ ಪೋಷಕರಿಗೆ, ಸರಕಿನ ವ್ಯವಹಾರಕ್ಕೆ ಮುಂಬೈಗೆ ಹೋಗಿಬರುವ ವರ್ತಕರಿಗೆ, ಎರಡು ರಾತ್ರಿ ರೈಲಿನಲ್ಲಿ ಕಳೆಯುವ ಬದಲು ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಹಾರುವುದು ಕೈಗೆಟಕುವ ಮಾತಾಯಿತು. ಎಸಿ ಬೋಗಿಯ ದರಕ್ಕೆ ಸಮೀಪದ ದರದಲ್ಲಿ ದೆಹಲಿ ಸೇರಬಹುದೆಂಬ ಸಂಗತಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು, ಆಗಬೇಕಾದದ್ದೂ ಹೌದು.

ಸಮಯಪಾಲನೆಯ ವಿಷಯದಲ್ಲಿ ಮಾತ್ರ ಈ ಸೇವೆಗೆ ಒಳ್ಳೆಯ ಅಂಕ ಕೊಡಲಾಗದು. ವಿಳಂಬ ಮತ್ತು ರದ್ದತಿಯ ದೂರುಗಳು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತಿದ್ದವು. ಒಂದೇ ವಿಮಾನವನ್ನು ದಿನವಿಡೀ ಊರಿಂದೂರಿಗೆ ಹಾರಿಸಿದಾಗ ಬೆಳಗಿನ ಅರ್ಧ ಗಂಟೆಯ ತಡ ಸಂಜೆಯ ಹೊತ್ತಿಗೆ ಹಲವು ಗಂಟೆಯಾಗುತ್ತದೆ, ಬದಲಿ ವಿಮಾನ ಇಟ್ಟುಕೊಳ್ಳಲು ಅಗ್ಗದ ದರದಲ್ಲಿ ಅವಕಾಶವಿರುವುದಿಲ್ಲ. ಬೆಂಗಳೂರಿನವರಿಗೆ ವಿಮಾನ ರದ್ದಾದರೆ ಮನೆಗೆ ಮರಳಿದರಾಯಿತು. ದಾವಣಗೆರೆಯಿಂದ ಹೋದವರಿಗೆ ಬಸ್ಸಿನ ಖರ್ಚು, ಲಾಡ್ಜ್ ಖರ್ಚು, ಮತ್ತೊಂದು ದಿನದ ಕೆಲಸ, ಎಲ್ಲವೂ ಟಿಕೆಟ್ಟಿನ ಮೇಲೆ ಸೇರಿಕೊಳ್ಳುತ್ತದೆ. ಜಿಲ್ಲಾ ಕೇಂದ್ರದ ಪ್ರಯಾಣಿಕನ ಮಟ್ಟಿಗೆ ಹೊತ್ತಿಗೆ ಸರಿಯಾಗಿ ಹಾರುವುದೂ ದರದ ಒಂದು ಭಾಗ, ಸಂಸ್ಥೆ ಇದನ್ನು ಸಾಕಷ್ಟು ಗಮನಿಸಲಿಲ್ಲವೆಂದೇ ನಾನು ಹೇಳುತ್ತೇನೆ.

ಹಣಕಾಸಿನ ಸ್ಥಿತಿ ಇನ್ನೂ ಕಳವಳಕಾರಿಯಾಗಿತ್ತು. ದೊಡ್ಡ ನಗರಗಳ ನಡುವೆ 180 ಆಸನಗಳ ಏರ್‌ಬಸ್ 320 ವಿಮಾನಗಳನ್ನು ಹಾರಿಸಲು ತೊಡಗಿದ ಮೇಲೆ ಪೈಪೋಟಿ ನೇರವಾಯಿತು. 2005ರಲ್ಲಿ ಸ್ಪೈಸ್‌ಜೆಟ್ ಮತ್ತು ಗೋಏರ್, 2006ರಲ್ಲಿ ಇಂಡಿಗೋ ಬಂದವು. ಎಲ್ಲರೂ ಖರ್ಚಿಗಿಂತ ಕಡಿಮೆಗೆ ಟಿಕೆಟ್ ಮಾರುತ್ತಿದ್ದಾಗ ಹೆಚ್ಚು ಆಸನವಿದ್ದವರಿಗೆ ಹೆಚ್ಚು ನಷ್ಟ. 2006ರಲ್ಲಿ ಷೇರು ಬಿಡುಗಡೆ ಮಾಡಿದಾಗ ಮಾರುಕಟ್ಟೆ ಕುಸಿದು, ಬೆಲೆ ಇಳಿಸಿ ಅವಧಿ ವಿಸ್ತರಿಸಬೇಕಾಯಿತು. ಒಂದರ ಮೇಲೊಂದು ಹೊಸ ಊರು ಸೇರಿಸುವ ಉತ್ಸಾಹ ಇದ್ದಷ್ಟು, ಸೇರಿಸಿದ ಊರಿನ ಹಾರಾಟವನ್ನು ಗಟ್ಟಿಗೊಳಿಸುವ ತಾಳ್ಮೆ ಇರಲಿಲ್ಲ.

2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ ಶೇ 26ರಷ್ಟು ಪಾಲನ್ನು ಸುಮಾರು 550 ಕೋಟಿ ರೂಪಾಯಿಗೆ ಕೊಂಡಿತು. ಐದು ವರ್ಷ ದೇಶದೊಳಗೆ ಹಾರಿದ, ಇಪ್ಪತ್ತು ವಿಮಾನವಿರುವ ಸಂಸ್ಥೆಗಷ್ಟೇ ವಿದೇಶಕ್ಕೆ ಹಾರುವ ಅನುಮತಿ ಎಂಬ ನಿಯಮ ಆಗ ಇತ್ತು. 2005ರಲ್ಲಿ ಹುಟ್ಟಿದ ಮಲ್ಯ ಅವರದೇ ವಿಮಾನ ಸಂಸ್ಥೆ ಕಿಂಗ್‌ಫಿಷರ್‌ಗೆ 2008ರಲ್ಲೇ ಐದು ವರ್ಷ ತುಂಬಲಿದ್ದ ಡೆಕ್ಕನ್ ಸುಲಭದ ದಾರಿಯಾಗಿ ಕಂಡಿತು. ಐಷಾರಾಮವನ್ನೇ ಮಾರುವ ಸಂಸ್ಥೆಯ ಕೈಗೆ ಮಿತವ್ಯಯವೇ ಉಸಿರಾಗಿದ್ದ ಸಂಸ್ಥೆ ಹೋದದ್ದು ಇಡೀ ಕತೆಯಲ್ಲಿ ನನಗೆ ಅತ್ಯಂತ ನೋವು ತರುವ ಭಾಗ. ಶ್ರೀಸಾಮಾನ್ಯನ ಚಿತ್ರ ಹೋಯಿತು, ದರ ಏರಿತು, 2008ರಲ್ಲಿ ಹೆಸರು ಕಿಂಗ್‌ಫಿಷರ್ ರೆಡ್ ಆಯಿತು. ಅದೇ ವರ್ಷ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಬೆಂಗಳೂರಿನ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋದದ್ದೂ ಆಗಲೇ. ನಗರದಿಂದ ಅಷ್ಟು ದೂರ ಹೋಗಿ ಹತ್ತುವುದಾದರೆ ಹುಬ್ಬಳ್ಳಿಯಂಥ ಸಮೀಪದ ಊರಿಗೆ ವಿಮಾನವೇಕೆ ಎಂದು ಜನ ಲೆಕ್ಕ ಹಾಕುವಂತಾಯಿತು. 2011ರಲ್ಲಿ ರೆಡ್ ಸೇವೆ ಮುಚ್ಚುವುದಾಗಿ ಮಲ್ಯ ಪ್ರಕಟಿಸಿದರು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್‌ನ ಪರವಾನಗಿಯೇ ಅಮಾನತಾಯಿತು.

ಸಣ್ಣ ಊರುಗಳಿಗೂ ವಿಮಾನ ಸಂಪರ್ಕ ಕೊಡುವ ಕೇಂದ್ರದ ಉಡಾನ್ ಯೋಜನೆಯಡಿ 2017ರ ಡಿಸೆಂಬರ್‌ನಲ್ಲಿ ಏರ್ ಡೆಕ್ಕನ್ ಹೆಸರು ಮತ್ತೆ ಕಾಣಿಸಿಕೊಂಡಿತು. ಈ ಬಾರಿ ಇನ್ನೂ ಸಣ್ಣ ಬೀಚ್‌ಕ್ರಾಫ್ಟ್ ವಿಮಾನಗಳು, ಆದರೆ 2020ರ ಏಪ್ರಿಲ್‌ನಲ್ಲಿ ಕೊರೊನಾ ಅದನ್ನೂ ನಿಲ್ಲಿಸಿತು. ಈ ಎರಡನೆಯ ಅವತಾರದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

2023ರಲ್ಲಿ ನಮ್ಮ ನೆರೆಯ ಶಿವಮೊಗ್ಗದಲ್ಲಿ ನಿಲ್ದಾಣ ತೆರೆದಾಗ, ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದಿಳಿದ ಮೊದಲ ಪ್ರಯಾಣಿಕ ವಿಮಾನ ಇಂಡಿಗೋದ ಎಟಿಆರ್. ಡೆಕ್ಕನ್ ಮಾಡಿದ ಆಯ್ಕೆಯನ್ನೇ, ಏರ್‌ಬಸ್‌ನಿಂದ ಆರಂಭಿಸಿದ ಇಂಡಿಗೋ 2017ರಿಂದ ಸಣ್ಣ ಊರುಗಳಿಗಾಗಿ ಮಾಡಿಕೊಂಡಿದೆ. ಉಡಾನ್ ಮಾರ್ಗಗಳಿಗೆ ಸರ್ಕಾರದ ನಷ್ಟಭರ್ತಿ ಸಿಗುವುದು ಮೂರು ವರ್ಷ ಮಾತ್ರ. ದಾವಣಗೆರೆಯ ನಿಲ್ದಾಣಕ್ಕಾಗಿ ಮನವಿ ಹಿಡಿದು ಹೋಗುವವರು, ನಾಲ್ಕನೆಯ ವರ್ಷ ಆ ಆಸನಗಳನ್ನು ಯಾವ ದರಕ್ಕೆ, ಯಾವ ಸಂಸ್ಥೆ ಮಾರಲಿದೆ ಎಂಬ ಉತ್ತರವನ್ನೂ ಅದೇ ಮನವಿಯಲ್ಲಿ ಕೇಳಬೇಕು.