11 ವರ್ಷದ ಲೈಬ್ರರಿ ಕಾರ್ಡು, ಒಂದು ಸೆಲ್ಲೋಟೇಪಿನ ಕಥೆ

ನಾನು ಈ ಸಾರ್ವಜನಿಕ ಗ್ರಂಥಾಲಯದ ಸದಸ್ಯನಾಗಿ 11 ವರ್ಷ ಆಯ್ತು. ಕಾರ್ಡಿನ ಮೇಲಿದ್ದ ನನ್ನ ಸಹಿಯೇ ಅಳಿಸಿಹೋಗಿದೆ.

ಮೊದಲು ಗೊಣಗಾಟ ಮುಗಿಸಿಬಿಡುತ್ತೇನೆ. ಕಂಪ್ಯೂಟರ್‌ನಲ್ಲಿ 'ಲಭ್ಯ' ಅಂತ ಇರುತ್ತದೆ, ಕಪಾಟಿನಲ್ಲಿ ಪುಸ್ತಕ ಇರುವುದಿಲ್ಲ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 520 ಅಂದರೆ ಖಗೋಳ, 641 ಅಂದರೆ ಅಡುಗೆ. ನನಗೆ ಬೇಕಿದ್ದ ನಕ್ಷತ್ರಗಳ ಪುಸ್ತಕ ಎರಡು ತಿಂಗಳ ಮೇಲೆ 641ರಲ್ಲಿ ಸಿಕ್ಕಿತು. ಯಾರೋ ನಮ್ಮಂಥ ಓದುಗರೇ ತುರುಕಿ ಹೋಗಿದ್ದರು. ಜಾಗ ತಪ್ಪಿದ ಪುಸ್ತಕ ಕಳೆದುಹೋದ ಹಾಗೇ ಅಲ್ವಾ? ಸಿಬ್ಬಂದಿ ದಿನಾ ಪುಸ್ತಕಗಳ ಬೆನ್ನಿನ ಮೇಲಿನ ಸಂಖ್ಯೆಯ ಚೀಟಿ ಓದುತ್ತಾ ಒಂದೊಂದೇ ಕಪಾಟು ಸರಿಮಾಡುತ್ತಾರೆ. ಸಂಜೆಗೆ ನಾವು ಮತ್ತೆ ಕಲಸಿರುತ್ತೇವೆ.

ಈಗ ನನ್ನ ತಪ್ಪು. ಮೂರನೇ ವರ್ಷ ಒಂದು ಪ್ರವಾಸ ಕಥನದ ಪುಟ ಹರಿಯಿತು. ಸೆಲ್ಲೋಟೇಪ್ ಹಚ್ಚಿ, ದೊಡ್ಡ ಉಪಕಾರ ಮಾಡಿದವನ ಹಾಗೆ ವಾಪಸ್ ಕೊಟ್ಟೆ. ಕಳೆದ ವರ್ಷ ಅದೇ ಪುಸ್ತಕ ಮತ್ತೆ ಕೈಗೆ ಬಂತು. ಟೇಪು ಒಣಗಿ ಉದುರಿತ್ತು. ಗೋಂದು ಮಾತ್ರ ಕಾಗದದೊಳಗೆ ಇಳಿದು ಕಂದು ಪಟ್ಟೆಯಾಗಿತ್ತು. ಎದುರು ಪುಟವೂ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದರೂ ನಾಲ್ಕು ಸಾಲು ಅಕ್ಷರ ಕಿತ್ತು ಬಂತು.

ಒಪ್ಪಿಕೊಂಡೆ. ಗ್ರಂಥಪಾಲಕಿ ಬೈಯಲಿಲ್ಲ. "ಹರಿದಿದೆ ಅಂತ ಹೇಳಿ ಕೊಡಿ ಸರ್, ಅಷ್ಟೇ ಸಾಕು. ರಿಪೇರಿ ನಮಗೆ ಬಿಡಿ" ಅಂದರು. ಒಳಗಿನ ಮೇಜಿನ ಮೇಲೆ ಗೋಧಿ ಪಿಷ್ಟದ ಅಂಟು, ಬೆರಳು ಕಾಣುವಷ್ಟು ತೆಳುವಾದ ಜಪಾನಿ ಕಾಗದ ಇತ್ತು. ಈ ಅಂಟನ್ನು ಮುಂದೆ ಬೇಕಾದಾಗ ನೀರಿನ ತೇವದಲ್ಲೇ ಬಿಡಿಸಬಹುದಂತೆ.

ಎಷ್ಟು ಜೋಪಾನ ಮಾಡಿದರೂ ಕೆಲವು ಪುಸ್ತಕ ತಾವೇ ಪುಡಿಯಾಗುತ್ತವೆ. 19ನೇ ಶತಮಾನದಲ್ಲಿ ಚಿಂದಿ ಬಟ್ಟೆಯ ಬದಲು ಮರದ ತಿರುಳಿನಿಂದ ಕಾಗದ ಮಾಡಲು ಶುರುಮಾಡಿದರು. ಅದರೊಳಗಿನ ಆಮ್ಲವೇ ಅದನ್ನು ತಿನ್ನುತ್ತದೆ. ಮೂಲೆ ಮಡಿಸಿದರೆ ಮುರಿದು ಕೈಗೇ ಬರುತ್ತದೆ. ತೇವ ಜಾಸ್ತಿಯಾದರೆ ಬೂಷ್ಟು ಬೇರೆ.

ಹಳೆ ಪುಸ್ತಕ ತೆಗೆದುಹಾಕಿದಾಗ ಒಮ್ಮೆ ಜಗಳವನ್ನೂ ಆಡಿದ್ದೆ. ಗ್ರಂಥಾಲಯ ಬೆಳೆಯುವ ಜೀವಿ ಅಂತ ಭಾರತದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಸೂತ್ರ ಬರೆದಿದ್ದಾರೆ. ಬೆಳೆಯುವುದಕ್ಕೆ ಜಾಗ ಬೇಕು, ಸರಿ. ಔಷಧಿಯ ಬಗ್ಗೆ ಇರುವ, ಕಾಲ ಮೀರಿದ ಪುಸ್ತಕ ಹೋಗಲಿ ಬಿಡಿ. ಆದರೆ ಬೇರೆಲ್ಲೂ ಪ್ರತಿ ಇಲ್ಲದ ಪುಸ್ತಕವನ್ನು ಯಾರೂ ಒಯ್ಯಲಿಲ್ಲ ಅಂತ ಸುಮ್ನೆ ತೆಗೆದರೆ ನನ್ನ ಜಗಳ ಈಗಲೂ ಇದೆ.

ಈ ಗ್ರಂಥಾಲಯಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ನನ್ನ ಪ್ರವಾಸ ಕಥನ ಇನ್ನೂ ಆ ಮೇಜಿನ ಮೇಲೇ ಇದೆ. ಇನ್ನೊಂದು ಗ್ರಂಥಾಲಯದಿಂದ ಅದರ ಪ್ರತಿ ತರಿಸಲು ಹೆಸರು ಬರೆಸಿದ್ದೇನೆ. ಕಿತ್ತುಹೋದ ನಾಲ್ಕು ಸಾಲು ಬರೆದುಕೊಂಡು ಗ್ರಂಥಪಾಲಕಿಗೆ ಕೊಡಬೇಕು.